ಅಕ್ಕ ಕೂತರೆ ಬಿಸಿಯಾಗದ ಸೀಟು

ಮೂರನೇ ಭಾನುವಾರವೂ ಅಕ್ಕನ ಕಾರು ತನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ತಮ್ಮನಿಗೆ ಪಿತ್ತ ನೆತ್ತಿಗೇರಿತು. ಸಿಟ್ಟು ಕಾರಿನ ಮೇಲೋ, ಅಕ್ಕನ ಮೇಲೋ, ಆ ಸೀಟು ಬಿಸಿ ಮಾಡುವ ಕಿಟ್ ತಯಾರಿಸಿದವರ ಮೇಲೋ ಅವನಿಗೇ ಗೊತ್ತಿರಲಿಲ್ಲ. ಯಾರಾದರೊಬ್ಬರ ಮೇಲೆ ಬರಬೇಕಿತ್ತು, ಬಂತು.

"ಇವತ್ತೂ ಆಗ್ತಿಲ್ಲ," ಅಕ್ಕ ಕಿಟಕಿ ಇಳಿಸಿ ಹೇಳಿದಳು. "ಸ್ವಿಚ್ಚಲ್ಲಿ ಕೆಂಪು ದೀಪ ಏನೋ ಉರಿಯುತ್ತೆ. ಸೀಟು ಮಾತ್ರ ಐಸು."

"ನಾನು ಕೂತಾಗ ಆಗುತ್ತಲ್ಲ!"

"ನಿನ್ನ ಸೊಂಟಕ್ಕೇನಾಗಿದೆಯೋ? ಆಗಬೇಕಿರೋದು ನಂಗೆ."

ಅಕ್ಕ ನರ್ಸು. ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ ಗಾಯ ತೊಳೆದು, ಬ್ಯಾಂಡೇಜು ಬದಲಿಸಿ, ಅವರ ಗೊಣಗಾಟ ಕೇಳಿ, ಒಂದೆರಡು ಬೈದು ಬರುವ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದಳು. ಈ ಚಳಿಗಾಲದಲ್ಲಿ ಅವಳ ಸೊಂಟ ಕೈಕೊಟ್ಟಿತು. ತಣ್ಣನೆಯ ಸೀಟಿನಲ್ಲಿ ಅರ್ಧ ಗಂಟೆ ಕೂತರೆ ಇಳಿಯುವಾಗ ಬಾಗಿಲು ಹಿಡಿದು ಹಲ್ಲು ಕಚ್ಚಿಕೊಂಡು ನಿಲ್ಲಬೇಕು. ಬೆನ್ನು ಬೆಚ್ಚಗಿದ್ದರೆ ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದರು ಡಾಕ್ಟರು. ಆಫೀಸಿನ ಮೇಡಮ್ ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು: ಮನೆಮನೆ ಸುತ್ತುತ್ತೀರೋ, ಇಲ್ಲ ಇಲ್ಲೇ ಕೂತು ಕಡತ ನೋಡಿಕೊಳ್ಳುತ್ತೀರೋ, ಹೇಳಿಬಿಡಿ. "ಕಡತಕ್ಕೆ ಗಾಯ ಆಗುತ್ತಾ, ನಾನು ಅಲ್ಲಿ ಕೂತು ಏನು ಮಾಡ್ಲಿ?" ಎಂದು ಅಕ್ಕ ಆ ರಾತ್ರಿ ಊಟ ಬಿಟ್ಟಿದ್ದಳು.

ಅವಳ ಕಾರಿಗೆ ಇಪ್ಪತ್ತೆರಡು ವರ್ಷ. ಅದು ಹುಟ್ಟಿದ ಕಾಲಕ್ಕೆ ಅಂಥ ಕಾರುಗಳಲ್ಲಿ ಸೀಟು ಬಿಸಿ ಮಾಡುವ ಚೈನಿ ಇರಲಿಲ್ಲ. ಅದಕ್ಕೇ ತಮ್ಮ ಒಂದು ಕಿಟ್ ತರಿಸಿದ. ಸೀಟಿನ ಹೊದಿಕೆಯ ಕೆಳಗೆ ಹಾಸುವ ಎರಡು ಬಿಸಿ ಪಟ್ಟಿ, ಒಂದು ರಿಲೇ, ಒಂದು ಫ್ಯೂಸು, ಒಂದು ಸ್ವಿಚ್ಚು, ಮಾರುದ್ದ ವೈರು. ತಮ್ಮನದು ಮನೆಗಳ ವೈರಿಂಗ್ ಕೆಲಸ, ಅದರಲ್ಲಿ ಅವನದು ಎತ್ತಿದ ಕೈ. ಅವನು ಎಳೆದ ವೈರು ಎಲ್ಲೂ ಜೋತುಬೀಳದು. ಅಡ್ಡವೋ ಉದ್ದವೋ, ಗೀಟು ಎಳೆದ ಹಾಗೆ ನೇರ, ಬಿಗಿ. ಜೋಲುವ ವೈರು ಕಣ್ಣಿಗೆ ಬಿದ್ದರೆ ನೆಂಟರ ಮನೆಯಲ್ಲೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಇಂಥವನ ಕೆಲಸವೇ ಕೆಟ್ಟಿತೆಂದರೆ ಹೇಗಿರಬೇಡ! ಮೊದಲ ಭಾನುವಾರ ಫ್ಯೂಸು ಬದಲಿಸಿದ. ತಾನು ಕೂತು ನೋಡಿದ, ಬಿಸಿಯಾಯಿತು. ಅಕ್ಕ ಮನೆ ಮುಟ್ಟುವುದರೊಳಗೆ ತಣ್ಣಗಾಯಿತು. ಎರಡನೇ ಭಾನುವಾರ ರಿಲೇ ಬದಲಿಸಿದ, ಅರ್ತ್ ಕೊಟ್ಟ ಬೋಲ್ಟನ್ನು ಬಿಚ್ಚಿ ಬಣ್ಣ ಕೆರೆದು ಮತ್ತೆ ಬಿಗಿದ, ಮೀಟರು ಹಿಡಿದು ಬ್ಯಾಟರಿಯಿಂದ ಸ್ವಿಚ್ಚಿನವರೆಗೆ ಹೋದ. ಎಲ್ಲ ಸರಿ. ಕೂತರೆ ಬಿಸಿ. ಅಕ್ಕ ಮಾತ್ರ ಮಾರನೆಯ ದಿನವೇ ಫೋನು ಮಾಡಿ ಅದೇ ರಾಗ ತೆಗೆದಳು. ಆಗ ತಲೆ ಚಿಟ್ಟು ಹಿಡಿದು ಅಂದುಬಿಟ್ಟಿದ್ದ: "ಸೀಟಿಗೇನೂ ಆಗಿಲ್ಲ ಅಕ್ಕ. ವಯಸ್ಸಾಯ್ತಲ್ಲ, ನಿನ್ನ ಮೈಗೇ ಬಿಸಿ ಗೊತ್ತಾಗ್ತಿಲ್ಲ." ಅಕ್ಕ ಏನೂ ಹೇಳದೆ ಫೋನಿಟ್ಟಳು. ಒಂದಕ್ಕೆ ಹತ್ತು ಕೊಡುವ ಅಕ್ಕ ಸುಮ್ಮನಾದಳೆಂದರೆ ಅವನಿಗೆ ಭಯವಾಗಬೇಕಿತ್ತು. ಸದ್ಯ, ಒಪ್ಪಿಕೊಂಡಳು ಎಂದುಕೊಂಡ ಭೂಪ.

ಈಗ ಅವಳನ್ನು ಇಳಿಸಿ, ಸೀಟನ್ನು ಹಿಂದಕ್ಕೆ ತಳ್ಳಿ, ತನ್ನ ಆರಡಿ ಮೈಯನ್ನು ಒಳಗೆ ತುರುಕಿಕೊಂಡು ಸ್ವಿಚ್ಚು ಒತ್ತಿದ. ಮೂರು ನಿಮಿಷಕ್ಕೆ ಸೀಟು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬೆಚ್ಚಗಾಯಿತು.

"ನೋಡು! ಬಂದು ಕೂತು ನೋಡು!"

ಅಕ್ಕ ಕೂತಳು. ಐದಡಿಗೂ ಒಂದು ಬೆರಳು ಕಡಿಮೆ ಇದ್ದವಳು. ಕಾಲು ಪೆಡಲಿಗೆ ಎಟುಕಲು ಸೀಟನ್ನು ಕೊನೆಯವರೆಗೂ ಮುಂದಕ್ಕೆ ಎಳೆದುಕೊಂಡಳು. ತಮ್ಮ ಗೆದ್ದವನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಬೆಚ್ಚಗಿದೆ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆರ್ತಾ ಇದೆ," ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, "ಆರಿಹೋಯ್ತು. ಅದು ನೀನು ಬಿಟ್ಟುಹೋಗಿದ್ದ ಬಿಸಿ."

ತಮ್ಮ ಕೈಲಿದ್ದ ಸ್ಕ್ರೂಡ್ರೈವರನ್ನು ನೆಲಕ್ಕೆ ಒಗೆದ. "ಇಳಿ. ಇನ್ನೊಂದ್ಸಲ ನಾನೇ ಕೂರ್ತೀನಿ."

"ಇಳಿಯಲ್ಲ."

"ಇಳೀದೇ ಇದ್ರೆ ರಿಪೇರಿ ಹೇಗೆ ಮಾಡ್ಲಿ?"

"ಹೇಗಾದ್ರೂ ಮಾಡು. ಮೂರು ವಾರದಿಂದ ಇಳಿದು ಹತ್ತಿ ಸಾಕಾಗಿದೆ. ನಾನು ಕೂತಿರುವಾಗ ನೋಡು."

ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗೊಣಗುತ್ತ ಅವನು ಹಿಂದಿನ ಬಾಗಿಲು ತೆಗೆದು, ಕಾಲಿಡುವ ಜಾಗದಲ್ಲಿ ಹೊಟ್ಟೆಯ ಮೇಲೆ ಮಲಗಿ, ಟಾರ್ಚು ಹಿಡಿದು ಅಕ್ಕನ ಸೀಟಿನ ಕೆಳಗೆ ಇಣುಕಿದ. ಕಾರಿನ ನೆಲಕ್ಕೆ ತಾನು ಬಿಗಿದು ಕಟ್ಟಿದ್ದ ವೈರು ಸೀಟಿನ ಪ್ಲಗ್ಗಿನವರೆಗೆ ವೀಣೆಯ ತಂತಿಯಂತೆ ಸೆಟೆದು ನಿಂತಿತ್ತು. ಪ್ಲಗ್ಗಿನೊಳಗಿನ ಪಿನ್ನು ಕೂದಲೆಳೆಯಷ್ಟು ಹೊರಗೆ ಬಂದಿತ್ತು.

"ಅಕ್ಕ, ಸೀಟು ಹಿಂದಕ್ಕೆ ತಳ್ಳು." ವೈರು ಸಡಿಲಾಯಿತು, ಪಿನ್ನು ಒಳಗೆ ಸರಿಯಿತು, ಮೀಟರು ಹನ್ನೆರಡು ವೋಲ್ಟು ತೋರಿಸಿತು. "ಈಗ ಮುಂದಕ್ಕೆ." ಸೊನ್ನೆ. ಮತ್ತೆ ಹಿಂದಕ್ಕೆ, ಹನ್ನೆರಡು. ಮತ್ತೆ ಮುಂದಕ್ಕೆ, ಸೊನ್ನೆ.

ಅವನಿಗೆ ಅಲ್ಲೇ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಮನೆಯ ಗೋಡೆ ಹಿಂದೆ ಮುಂದೆ ಓಡಾಡುವುದಿಲ್ಲ. ಅವನ ವೈರುಗಳು ಜೀವಮಾನವಿಡೀ ಗೋಡೆಯ ಮೇಲೇ ಇದ್ದವು. ಸೀಟು ಸರಿಯುತ್ತದೆ, ಅದನ್ನು ತನ್ನ ಕಾಲಿಗಿಂತ ಗಿಡ್ಡ ಕಾಲಿನವರು ಸರಿಸಿಕೊಳ್ಳುತ್ತಾರೆ ಎಂಬುದು ಹೊಳೆದೇ ಇರಲಿಲ್ಲ. ಮೂರು ವಾರ ಪರೀಕ್ಷೆ ಮಾಡಿದ್ದೆಲ್ಲ ತನ್ನ ಕಾಲಿನ ಅಳತೆಯಲ್ಲಿ.

ಆಮೇಲಿನ ಕೆಲಸ ಇಪ್ಪತ್ತು ನಿಮಿಷದ್ದು. ಕಟ್ಟಿದ್ದನ್ನು ಕತ್ತರಿಸಿದ, ಹೊಸ ಪಿನ್ನು ಹಾಕಿದ, ಎರಡು ಗೇಣು ವೈರು ಹೆಚ್ಚಿಗೆ ಸೇರಿಸಿ, ಕಣ್ಣಿಗೆ ಎಷ್ಟು ಅಸಹ್ಯವಾದರೂ, ಜೋಲಲು ಬಿಟ್ಟ. ಅಕ್ಕ ಸೀಟನ್ನು ಕೊನೆಯವರೆಗೆ ಎಳೆದುಕೊಂಡು ಕಣ್ಣು ಮುಚ್ಚಿ ಕೂತಳು. ಐದು ನಿಮಿಷವಾಯಿತು. ಹತ್ತಾಯಿತು.

"ಬಂತು," ಎಂದಳು. "ಸೊಂಟಕ್ಕೂ ಬಂತು. ಆರ್ತಾ ಇಲ್ಲ."

"ಸದ್ಯ! ನಾಳೆನೇ ಮೇಡಮ್‌ಗೆ ಹೇಳು, ಮನೆಮನೆಗೆ ಹೋಗ್ತೀನಿ ಅಂತ."

"ಶುಕ್ರವಾರ ಬರೆದುಕೊಟ್ಟುಬಿಟ್ಟೆ. ಕಡತದ ಕೆಲಸನೇ ಕೊಡಿ ಅಂತ."

"ಯಾಕಕ್ಕ? ಇನ್ನೂ ದಿನ ಇತ್ತಲ್ಲ!"

"ನೀನೇ ಅಂದ್ಯಲ್ಲ, ನನ್ನ ಮೈಗೇ ಬಿಸಿ ಗೊತ್ತಾಗ್ತಿಲ್ಲ ಅಂತ." ಅಕ್ಕ ಕಣ್ಣು ತೆರೆಯಲಿಲ್ಲ. "ಬಿಸಿ ಯಾವುದು, ತಣ್ಣಗೆ ಯಾವುದು ಗೊತ್ತಾಗದವಳು ಜ್ವರ ಬಂದವರ ಹಣೆ ಮುಟ್ಟಿ ಏನು ಹೇಳ್ಲಿ? ಮೂರು ದಿನ ಅದೇ ತಲೇಲಿ. ಕೊನೆಗೆ ಬರೆದುಕೊಟ್ಟೆ."

ತಮ್ಮ ಕೈಲಿದ್ದ ಮೀಟರನ್ನು ಕೆಳಗಿಟ್ಟ. ಕೈಗೆ ಅಂಟಿದ ಧೂಳನ್ನು ಸುಮ್ಮನೆ ಪ್ಯಾಂಟಿಗೆ ಒರೆಸಿಕೊಂಡ.

"ಮತ್ತೆ ಇವತ್ತು ಯಾಕೆ ಬಂದೆ?"

"ಕೆಟ್ಟಿರೋದು ಸೀಟೋ, ನಾನೋ ತಿಳ್ಕೊಬೇಕಿತ್ತು."

ಕೊಟ್ಟ ಕಾಗದವನ್ನು ಆಫೀಸಿನವರು ಹಿಂದಕ್ಕೆ ಕೊಡುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಆದರೂ ಹೇಳಿದ: "ನಾಳೆ ನಿನ್ನ ಜೊತೆ ನಾನೂ ಬರ್ತೀನಿ. ಅಕ್ಕನ ಮೈ ಸರಿಯಾಗೇ ಇದೆ, ತಪ್ಪು ಮಾಡಿದ್ದು ನಾನು ಅಂತ ಮೇಡಮ್ ಎದುರಿಗೇ ಹೇಳ್ತೀನಿ."

ಅಕ್ಕ ಕಣ್ಣು ತೆರೆದು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಏಳೂವರೆಗೆ ರೆಡಿಯಾಗಿರು," ಎಂದಳು. "ಹಿಂದಿನ ಸೀಟಲ್ಲಿ ಕೂರು. ಅಲ್ಲಿ ಎಷ್ಟು ಚಳಿ ಇರುತ್ತೆ ಅಂತ ನಿನಗೂ ಗೊತ್ತಾಗ್ಲಿ."

ಅವನು ಹೂಂ ಎಂದ.