ನೀಲಿ ಟೇಪಿನ ತಾಟು

"ಮುಟ್ಬೇಡ! ಆ ಮಗ್ ಮುಟ್ಬೇಡ ಅಂತ ಎಷ್ಟು ಸಲ ಹೇಳುದು ಬೇವರ್ಸಿ? ನಿಂದು ನೀಲಿ ಟೇಪಿಂದು!"

ಮಾಲಕ ಜಿತೇಶ ಕೂಗಿದ್ದೇ ಭೀಮಣ್ಣ ಮಗ್ ಕೆಳಗಿಟ್ಟ. ಕೆನಡಾದ ವುಡ್‌ಬ್ರಿಡ್ಜಿನ ಗೋದಾಮುಗಳ ಸಾಲಿನಲ್ಲಿ, ಟೈಲ್ಸ್ ಅಂಗಡಿಗೂ ಟ್ರಕ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿರುವ ಜಿತೇಶನ ಕೇಟರಿಂಗ್ ಅಡುಗೆಮನೆಯಲ್ಲಿ ಅದು ಟೀ ಹೊತ್ತು. ಜಿತೇಶ ಉಡುಪಿ ಕಡೆಯವನು. ಈ ಸುತ್ತಿನ ಕನ್ನಡದವರಲ್ಲಿ ಯಾರ ಮಗುವಿಗೆ ಹೆಸರಿಟ್ಟರೂ ಹೋಳಿಗೆ ಅವನದೇ. ಅವನದು ಅಂದರೆ, ಡಬ್ಬಿಯ ಮೇಲಿನ ಹೆಸರು ಅವನದು. ಕಣಕ ನಾದುವುದು, ಹೂರಣ ರುಬ್ಬುವುದು, ತಟ್ಟಿ ಬೇಯಿಸುವುದು ಭೀಮಣ್ಣ.

"ಮಾಲಕ್ರ, ನೀಲಿ ಟೇಪಿನ ಮಗ್ಗಿನಾಗ ಯಾರೋ ಸ್ಕ್ರೂಡ್ರೈವರ್ ಇಟ್ಟಾರ್ರಿ."

"ಹಾಗಾದ್ರೆ ಇವತ್ತು ಟೀ ಬೇಡ. ಆರೋಗ್ಯಕ್ಕೆ ಒಳ್ಳೇದು."

ಭೀಮಣ್ಣ ತನ್ನ ಆರೋಗ್ಯವನ್ನು ಎತ್ತಿಕೊಂಡು ಹೊರಗೆ ಹೋಗಿ, ಲೋಡಿಂಗ್ ಬಾಗಿಲ ಪಕ್ಕದ ಈರುಳ್ಳಿ ಕ್ರೇಟಿನ ಮೇಲೆ ಕುಳಿತ. ಒಳಗೆ ಸ್ಟೀಲ್ ಟೇಬಲ್ ಸುತ್ತ ಲೋಲಾಕ್ಷಿ ಅಕ್ಕನೂ ಇಬ್ಬರು ಪಂಜಾಬಿ ಹುಡುಗರೂ ಸೊರ್ ಸೊರ್ ಎಂದು ಟೀ ಹೀರುತ್ತಿದ್ದರು. ಮೂರು ವಾರದ ಹಿಂದೆ ಆ ಟೇಬಲ್ಲಿಗೆ ಅವನದೂ ಒಂದು ಸ್ಟೂಲಿತ್ತು. ಸ್ಟೂಲು ಈಗಲೂ ಅಲ್ಲೇ ಇದೆ, ಅದರ ಮೇಲೆ ಎಣ್ಣೆ ಡಬ್ಬಿ ಕುಳಿತಿದೆ.

ತಪ್ಪು ಅವನದೇ. ಬಾಯಿ ಬಿಟ್ಟಿದ್ದು.

ಅವನು ಬೆಳೆದದ್ದು ರಾಯಚೂರು ಕಡೆ, ಕೃಷ್ಣೆಯ ನಡುವಿನ ಒಂದು ನಡುಗಡ್ಡೆಯಲ್ಲಿ. ಅಜ್ಜಿ ಚನ್ನಬಸವ್ವನ ಬೆನ್ನ ಮೇಲೆ ಕುಷ್ಠದ ಬಿಳಿಚಿದ ಮಚ್ಚೆ ಕಂಡ ವರ್ಷ ಊರವರು ಅವಳನ್ನು ಹರಿಗೋಲಿನಲ್ಲಿ ಕೂರಿಸಿ ಅಲ್ಲಿ ಇಳಿಸಿ, ಹರಿಗೋಲನ್ನು ಮೂರು ಸಲ ತೊಳೆದುಕೊಂಡು ಹೋಗಿದ್ದರು. ಅವಳಂಥವರು ಅಲ್ಲಿ ಹನ್ನೊಂದು ಮಂದಿ. ಹದಿನೈದು ದಿನಕ್ಕೊಮ್ಮೆ ಅಂಬಿಗ ಜೋಳದ ಚೀಲ ದಂಡೆಗೆಸೆದು, ಒಂದು ಸಿಳ್ಳೆ ಹಾಕಿ, ತಿರುಗಿ ನೋಡದೆ ಹುಟ್ಟು ಹಾಕುತ್ತಿದ್ದ. ಆಮೇಲೆ ಮಾತ್ರೆ ಬಂತು, ರೋಗ ಹೋಯಿತು. ವಾಪಸು ಕರೆಯುವುದು ಮಾತ್ರ ಊರಿಗೆ ಮರೆತೇಹೋಯಿತು.

ರೋಗ ಹೋದರೂ ಸತ್ತ ಸ್ಪರ್ಶ ಬರಲಿಲ್ಲ. ಅಂಗಾಲಿಗೆ ಮುಳ್ಳು ಮುರಿದರೂ ತಿಳಿಯದು, ಒಲೆಗೆ ಬೆರಳು ತಾಗಿದರೂ ತಿಳಿಯದು. ಹಾಗಾಗಿ ಅಲ್ಲಿ ಒಂದು ಕಟ್ಟಳೆ. ಹೊತ್ತು ಮುಳುಗುವ ಮುಂಚೆ ಎಲ್ಲರೂ ಕೈಕಾಲು ಚಾಚಿ ಸಾಲಾಗಿ ಕೂರಬೇಕು, ಕಣ್ಣು ಚುರುಕಿದ್ದವರು, ಆಮೇಲಾಮೇಲೆ ಹುಡುಗ ಭೀಮಣ್ಣನೇ, ಒಂದೊಂದೇ ಬೆರಳ ಸಂದಿ ಬಿಡಿಸಿ ನೋಡಬೇಕು. ಅನುಮಾನ ಬಂದರೆ ಕಣ್ಣು ಮುಚ್ಚಿಸಿ, ಕೋಳಿಯ ಪುಕ್ಕ ತಾಗಿಸಿ, "ಎಲ್ಲಿ ಮುಟ್ಟೀನಿ ಹೇಳು" ಎಂದು ಕೇಳಬೇಕು.

ವುಡ್‌ಬ್ರಿಡ್ಜಿನಲ್ಲೂ ಅವನಿಗೆ ಆ ಚಟ ಬಿಡಲಿಲ್ಲ. ಫ್ರೀಜರಿನಿಂದ ಪರೋಟದ ಪೆಟ್ಟಿಗೆ ಹೊತ್ತು ಎಲ್ಲರ ಬೆರಳೂ ಮರಗಟ್ಟುತ್ತಿದ್ದವು. ಬ್ರೇಕಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ. ಪುಕ್ಕ ಇಲ್ಲವಾದ್ದರಿಂದ ಕೊತ್ತಂಬರಿ ಕಡ್ಡಿ.

"ಎಂತ ಭೀಮ, ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ ನೋಡ್ತಿ ನನ್ನ ಕೈಯನ್ನು?" ಎಂದು ಲೋಲಾಕ್ಷಿ ನಗುತ್ತಿದ್ದಳು.

"ಅಕ್ಕಾ, ಹೆಣ್ಣು ಒಪ್ಪಿಗಿ ಆಗ್ಯಾಳ. ಆದ್ರ ಇಲ್ಲಿ ನೋಡು, ಸುಟಗೊಂಡೀದಿ."

ನಿಜಕ್ಕೂ ಅವಳ ಮಣಿಕಟ್ಟಿನಲ್ಲಿ ರೂಪಾಯಿ ಅಗಲದ ಬೊಬ್ಬೆ. ಕಾವಲಿ ಯಾವಾಗ ತಾಗಿತ್ತೋ, ಮರಗಟ್ಟಿದ ಕೈಗೆ ತಿಳಿದಿರಲಿಲ್ಲ. ಭೀಮಣ್ಣ ತೊಳೆದು ಬಟ್ಟೆ ಕಟ್ಟುವಾಗ ಜಿತೇಶ ಬಂದು, "ಈ ಡಾಕ್ಟ್ರಿಕೆ ಎಲ್ಲಿ ಕಲ್ತದ್ದು ಮಾರಾಯ?" ಎಂದು ಬೆನ್ನು ತಟ್ಟಿದ. ಭೀಮಣ್ಣ ಉಬ್ಬಿಹೋಗಿ ಅಜ್ಜಿ, ನಡುಗಡ್ಡೆ, ಹರಿಗೋಲು ಎಲ್ಲ ಹೇಳಿದ. ಬೆನ್ನ ಮೇಲಿದ್ದ ಕೈ ಮೊದಲು ಹೋಯಿತು. ಜಿತೇಶ ಹಿಂದಕ್ಕೆ ಸರಿದು ಸರಿದು ಫ್ರಿಜ್ಜಿಗೆ ತಾಗಿ ನಿಂತ.

ಮರುದಿನ ನೀಲಿ ಟೇಪು ಬಂತು. ತಾಟಿಗೆ, ಮಗ್ಗಿಗೆ, ಚಪ್ಪಲಿ ಇಡುವ ಜಾಗಕ್ಕೂ. ಭೀಮಣ್ಣ ಕ್ಲಿನಿಕ್ಕಿಗೆ ಹೋಗಿ ತನಗೆ ಯಾವ ರೋಗವೂ ಇಲ್ಲವೆಂದು ಬರೆಸಿ ತಂದ. ಜಿತೇಶ ಆ ಕಾಗದವನ್ನು ಚಪಾತಿ ಮಗುಚುವ ಚಿಮಟದಲ್ಲಿ ಹಿಡಿದು ಓದಿದ.

"ರೋಗ ಇಲ್ಲ ಅಂತಲೇ ಉಂಟು, ನಾನೆಂತ ಇಲ್ಲ ಹೇಳುದಿಲ್ಲ. ಆದ್ರೆ ಜನ ತಿನ್ನುದು ಪೇಪರಲ್ಲ, ಹೋಳಿಗೆ."

"ಹಂಗಾರ ಹೋಳಿಗಿ ಮಾಡೂದು ಬಿಡ್ಲೇನ್ರಿ?"

"ನೀನು ಹೋಳಿಗೆ ಬಿಟ್ರೆ ಜನ ನನ್ನನ್ನು ಬಿಡ್ತಾರಾ? ಡಬಲ್ ಗ್ಲೌಸ್ ಹಾಕು. ಬಾಯಿಗೂ ಒಂದು ಗ್ಲೌಸ್ ಹಾಕು. ನಿನ್ನ ಪಿಆರ್ ಲೆಟರ್ ನನ್ನ ಕೈಯಲ್ಲುಂಟು, ನೆನಪಿರ್ಲಿ."

ಕಾಯಂ ವಾಸದ ಆ ಲೆಟರಿಗೆ ಮಾಲಕನ ಸಹಿ ಇಲ್ಲದೆ ಭೀಮಣ್ಣ ಈ ದೇಶದಲ್ಲಿ ನಿಲ್ಲುವ ಹಾಗಿಲ್ಲ. ಕ್ರೇಟಿನ ಮೇಲೆ ಕುಳಿತದ್ದು ಅದಕ್ಕೇ.

ಅದು ಕೆನಡಾಕ್ಕೆ ನೂರೈವತ್ತು ವರ್ಷ ತುಂಬಿದ ಬೇಸಿಗೆ. ಕನ್ನಡದವರೂ ರಿಚ್ಮಂಡ್ ಹಿಲ್ಲಿನ ಒಂದು ಹಾಲಿನಲ್ಲಿ ಸಮಾರಂಭ ಇಟ್ಟುಕೊಂಡಿದ್ದರು. ಊಟ ಜಿತೇಶನದು, ಭಾಷಣ ಅವನ ಮಗಳು ತೃಷಾಳದು. ಎಂಟನೇ ಕ್ಲಾಸಿನ ಹುಡುಗಿ ಹಿಂದಿನ ದಿನ ಅಡುಗೆಮನೆಗೇ ಬಂದು ಅಪ್ಪನ ಮುಂದೆ ಒಪ್ಪಿಸಿದಳು. ಪೆಸಿಫಿಕ್ ಕಡಲಲ್ಲಿ ಕೆನಡಾದ್ದೇ ಡಾರ್ಸಿ ಎಂಬ ದ್ವೀಪ. ಸಾವಿರದ ಎಂಟುನೂರ ತೊಂಬತ್ತೊಂದರಲ್ಲಿ ಕುಷ್ಠ ಬಂದ ಚೀನೀ ಕೂಲಿಗಳನ್ನು ಒಯ್ದು ಅಲ್ಲಿ ಬಿಟ್ಟರು. ಮೂರು ತಿಂಗಳಿಗೊಮ್ಮೆ ದೋಣಿ. ದೋಣಿಯಲ್ಲಿ ಅಕ್ಕಿ, ಚಹ, ಜೊತೆಗೆ ಶವಪೆಟ್ಟಿಗೆ. ಸತ್ತವರನ್ನು ಇನ್ನೂ ಸಾಯದವರು ಹೂಳಬೇಕು.

ಜಿತೇಶ ಏಪ್ರನ್ನಿನಿಂದ ಕಣ್ಣೊರೆಸಿಕೊಂಡ. "ಅಯ್ಯೋ ದೇವರೇ, ಮನುಷ್ಯರಾ ಅವರು? ಹೊಟ್ಟೆ ಉರೀತದೆ ಮಗಾ... ಏ ಭೀಮಣ್ಣ! ಬಾಕ್ಸ್ ಅಲ್ಲೇ ಇಟ್ಟು ಹೋಗು, ಹತ್ರ ಬರ್ಬೇಡ, ಮಗು ಉಂಟು ಇಲ್ಲಿ!"

ತೃಷಾ ಬಾಗಿಲಾಚೆ ಕತ್ತು ಚಾಚಿದಳು. "ಭೀಮಾ ಅಂಕಲ್, ವೈ ಆರ್ ಯು ಸಿಟಿಂಗ್ ಔಟ್ ದೇರ್?"

"ನನ್ನ ದೋಣಿ ಇನ್ನಾ ಬಂದಿಲ್ಲವ್ವ ತಂಗಿ."

ಹುಡುಗಿ ನಗಲಿಲ್ಲ. ಅವನ ತಾಟಿನ ನೀಲಿ ಟೇಪನ್ನೇ ನೋಡುತ್ತ ನಿಂತಳು.

ಸಮಾರಂಭದ ದಿನ ಆಜ್ಞೆ ಸ್ಪಷ್ಟವಿತ್ತು. ವ್ಯಾನು ಹಿಂದಿನ ಬಾಗಿಲಿಗೆ ತರುವುದು, ಟ್ರೇ ಇಳಿಸುವುದು, ಬೆಲ್ ಒತ್ತಿ ವ್ಯಾನಿನಲ್ಲಿ ಕೂರುವುದು. "ಒಳಗೆ ಕಾಲಿಟ್ರೆ ಸೋಮವಾರ ನಿನ್ನ ಲೆಟರಿಗೆ ಸೈನ್ ಇಲ್ಲ."

ಭೀಮಣ್ಣ ಹಾಗೇ ಮಾಡಿದ. ಊಟ ನಡೆದಿರುವಾಗ ಎರಡನೇ ಸಲದ ಹೋಳಿಗೆ ಟ್ರೇ ಇಳಿಸಿದ, ಬೆಲ್ ಒತ್ತಿದ. ತಿರುಗಿ ಹೊರಟವನ ಬಾಯಿಂದ ತಾನಾಗಿ ಒಂದು ಸಿಳ್ಳೆ ಹೊರಟಿತು. ಅಂಬಿಗನ ಸಿಳ್ಳೆ. ಕಾಲು ಅಲ್ಲೇ ನಿಂತಿತು.

"ಹಲ್ಕಟ್ ಸೂಳೆಮಗನ, ನೀನೂ ಕಲತ್ಯಲ್ಲ," ಎಂದು ತನಗೇ ಬೈದುಕೊಂಡ.

ಬಾಗಿಲು ತೆರೆದ ಲೋಲಾಕ್ಷಿಯ ಕೈಯಿಂದ ಹೋಳಿಗೆ ಟ್ರೇ ಕಿತ್ತುಕೊಂಡು ಒಳಗೆ ನಡೆದ. ವ್ಯಾನಿನಲ್ಲಿದ್ದ ತನ್ನ ತಾಟನ್ನೂ ಕಂಕುಳಲ್ಲಿ ತಂದಿದ್ದ.

"ಎಲ್ಲಿಗೆ ಮಾರಾಯ?"

"ಊಟಕ್ಕ, ಅಕ್ಕಾ."

ಹಾಲಿನಲ್ಲಿ ಜನ ಉಣ್ಣುತ್ತಲೇ ಭಾಷಣ ಕೇಳುತ್ತಿದ್ದರು. ಆಗಷ್ಟೇ ಮುಗಿದಿತ್ತು. ಚಪ್ಪಾಳೆ, ಮೂಗೊರೆಸುವ ಸದ್ದು. ಮಗಳ ಪಕ್ಕ ಮೈಕ್ ಹಿಡಿದು ನಿಂತ ಜಿತೇಶನ ಕಣ್ಣಲ್ಲಿ ನೀರು.

"ಎನಿ ಕ್ವೆಶ್ಚನ್ಸ್?" ಎಂದಳು ತೃಷಾ.

ಭೀಮಣ್ಣ ಟ್ರೇಯನ್ನು ಬಡಿಸುವ ಟೇಬಲ್ ಮೇಲಿಟ್ಟು ಗ್ಲೌಸಿಲ್ಲದ ಕೈ ಎತ್ತಿದ.

"ಯೆಸ್, ಭೀಮಾ ಅಂಕಲ್! ಕಮ್!"

ಜಿತೇಶನ ಕಣ್ಣೀರು ಅಲ್ಲೇ ಒಣಗಿತು. ಭೀಮಣ್ಣ ಚಿತ್ರಾನ್ನದ ಮೇಲಿನಿಂದ ಒಂದು ಕೊತ್ತಂಬರಿ ಕಡ್ಡಿ ಎತ್ತಿಕೊಂಡು ವೇದಿಕೆ ಹತ್ತಿದ.

"ನಮಸ್ಕಾರ್ರೀ. ನಮ್ಮ ಅಜ್ಜೀನೂ ಇಂಥದೇ ದ್ವೀಪದಾಗ ಇದ್ಲು. ನಾ ಬೆಳದದ್ದೂ ಅಲ್ಲೇ. ಆಕೀ ರೋಗ ಹೆಂಗ ಪರೀಕ್ಷಾ ಮಾಡ್ತಿದ್ರು, ತೋರಸ್ತೀನಿ. ಮಾಲಕ್ರ, ಕೈ ಚಾಚ್ರಿ."

ಜನ ಇದೂ ಭಾಷಣದ ಭಾಗವೆಂದು ಚಪ್ಪಾಳೆ ತಟ್ಟಿದರು. ಮುನ್ನೂರು ಜನರೆದುರು ಜಿತೇಶ ಯಾವ ನೆಪ ಹೇಳಿಯಾನು? ಕೈ ಚಾಚಿದ.

"ಕಣ್ ಮುಚ್ರಿ. ಎಲ್ಲಿ ಮುಟ್ಟೀನಿ ಹೇಳ್ರಿ."

ಜಿತೇಶ ಕಣ್ಣು ಬಿಗಿಯಾಗಿ ಮುಚ್ಚಿದ. ಭೀಮಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಕಡ್ಡಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

"ಇಲ್ಲಿ... ಹೆಬ್ಬೆರಳು," ಎಂದ ಜಿತೇಶ. "ಈಗ ಅಂಗೈ. ಅಯ್ಯೋ, ಮೇಲೆ ಬರ್ತಾ ಉಂಟು... ಮೊಣಕೈ! ಸಾಕು! ಸಾಕು ಮಾರಾಯ, ಮುಟ್ಬೇಡ!"

"ಮಾಲಕ್ರ, ನಾ ಇನ್ನಾ ಮುಟ್ಟೇ ಇಲ್ರಿ."

ಹಾಲಿಗೆ ಹಾಲೇ ಘೊಳ್ಳೆಂದಿತು. ನಗು ಇಳಿಯುವವರೆಗೆ ಭೀಮಣ್ಣ ತಾಳ್ಮೆಯಿಂದ ಕಾದ.

"ಆದ್ರ ನೀವ್ ತಿನ್ನಾಕತ್ತೀರಲ್ರೀ, ಆ ಹೋಳಿಗಿ ಅಷ್ಟೂ ಮುಟ್ಟೀನಿ. ಎರಡು ವರ್ಷದಿಂದ. ಹೆಂಗದಾವು?"

ಬಾಯಲ್ಲಿದ್ದದ್ದು ಬಾಯಲ್ಲೇ ನಿಂತಿತು. ಭೀಮಣ್ಣ ಇಳಿದು ಬಂದು, ಮುಂದಿನ ಟೇಬಲ್ಲಿನ ಖಾಲಿ ಕುರ್ಚಿ ಎಳೆದು ಕುಳಿತು, ನೀಲಿ ಟೇಪಿನ ತಾಟನ್ನು ಮುಂದಿಟ್ಟುಕೊಂಡ. ಪಕ್ಕದವರು ಎದ್ದರು. ಅವರ ಪಕ್ಕದವರೂ ಎದ್ದರು. ಉಳಿದದ್ದು ಮೈಸೂರಿನ ಶಾರದಮ್ಮ ಒಬ್ಬರೇ.

"ಏಳೀಮ್ಮಾ," ಎಂದು ಸೊಸೆ ತೋಳು ಹಿಡಿದೆಳೆದಳು.

"ಥೂ ಬಿಡೇ, ಅರ್ಧ ಹೋಳಿಗೆ ಬಿಟ್ಟು ಎಲ್ಲಿಗೇಳ್ಲಿ?" ಎಂದು ಮುದುಕಿ ತುಪ್ಪಕ್ಕೆ ಕೈ ಚಾಚಿದರು.

ಲೋಲಾಕ್ಷಿ ಬಂದು ಅವನ ತಾಟಿಗೆ ಎರಡು ಹೋಳಿಗೆ ಹಾಕಿ, ಎಣ್ಣೆಗೈಯನ್ನು ಸೀರೆಗೊರೆಸಿಕೊಂಡು ಎದುರಿಗೆ ಕುಳಿತಳು. ಸುಟ್ಟ ಕಲೆಯಿದ್ದ ಮಣಿಕಟ್ಟನ್ನು ಟೇಬಲ್ ಮೇಲಿಟ್ಟಳು.

"ನೋಡು ಮಾರಾಯ, ಇವತ್ತಿಂದು ನೋಡ್ಲೇ ಇಲ್ಲ ನೀನು."

ಭೀಮಣ್ಣ ಅವಳ ಒಂದೊಂದೇ ಬೆರಳು ಬಿಡಿಸಿ ನೋಡತೊಡಗಿದ. ವೇದಿಕೆಯ ಮೇಲೆ ಜಿತೇಶ ಇನ್ನೂ ಕಣ್ಣು ತೆರೆದಿರಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. ಇನ್ನೊಂದು ಕೈಯಲ್ಲಿದ್ದ ಮೈಕು ಅವನ ಏದುಸಿರನ್ನು ಹಾಲಿನ ನಾಲ್ಕೂ ಮೂಲೆಗೆ ಮುಟ್ಟಿಸುತ್ತಿತ್ತು.