ಎಣಿಸದ ಮರಗಳ ಪಟ್ಟಿ

ದುರ್ಗದ ಜಿಲ್ಲಾ ಕಚೇರಿಯೊಂದರ ರಿಜಿಸ್ಟರಿನಲ್ಲಿ, ನಮ್ಮೂರು ತಾಳ್ಯದ ಆಚೆ ದನ ಮೇಯುವ ಕಾವಲಿನ ಹೆಸರಿನ ಮುಂದೆ, ‘ಮರಗಳು’ ಎಂಬ ಕಾಲಮಿನಲ್ಲಿ ಒಂದು ಸೊನ್ನೆ ಇತ್ತು. ಎಷ್ಟು ದುಂಡಗೆ ಬರೆದಿದ್ದರೆಂದರೆ, ನೋಡಿದ ಕೂಡಲೇ ಸಿಟ್ಟು ಬರಲಿಲ್ಲ. ಸಿಟ್ಟು ಆಮೇಲೆ ಬಂತು. ಇನ್ನೂ ಹೋಗಿಲ್ಲ.

ಆ ಕಾವಲಿನಲ್ಲಿ ಕಮರ, ತುಗ್ಗಲಿ, ಬೇವು, ಎರಡು ಮುದಿ ಆಲ ಇವೆ. ಪಕ್ಕದ ಹಟ್ಟಿಯವರು ನೊಗ ಹೂಡದೆ ದೇವರಿಗೆಂದೇ ಬಿಟ್ಟ ಎತ್ತುಗಳು ಬೇಸಿಗೆ ಕಳೆಯುವುದು ಅಲ್ಲಿಯ ನೆರಳಲ್ಲೇ. ಸರಕಾರ ಅದನ್ನು ಬಂಜರು ಎಂದು ಬರೆದುಕೊಂಡು, ಬರುವ ಸೋಮವಾರ ಬೋಳಿಸಿ ನೀಲಗಿರಿ ನೆಡುವುದೆಂದು ತೀರ್ಮಾನಿಸಿತ್ತು.

ಸೊನ್ನೆ ಹುಟ್ಟಿದ್ದು ಹೀಗೆ. ಹಿಂದಿನ ವರ್ಷ ಲೆಕ್ಕ ಬರೆಯುವವನೊಬ್ಬ ಹಟ್ಟಿಗೆ ಬಂದು ಎಷ್ಟು ಮರಗಳಿವೆ ಎಂದು ಕೇಳಿದ. ದೇವರ ಸೊತ್ತನ್ನು ಹಟ್ಟಿಯವರು ಎಣಿಸುವುದಿಲ್ಲ. ಕುರಿಯಾಗಲಿ, ಎತ್ತಾಗಲಿ, ಮರವಾಗಲಿ, ಎಣಿಸಿದ್ದು ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. “ಎಣಿಸಂಗಿಲ್ಲಪ್ಪ, ಮಜ್ಜಿಗೆ ಕುಡಿ” ಎಂದರಂತೆ ಪೂಜಾರಿ ಕಾಟಯ್ಯ. ಅವನು ಕುಡಿದ, ಬಾಯಿ ಒರೆಸಿಕೊಂಡ, ಸೊನ್ನೆ ಹಾಕಿಕೊಂಡು ಹೋದ.

ಈ ಗೋಜಿಗೆ ನಾನು ಸಿಕ್ಕಿಕೊಂಡದ್ದು ನನ್ನ ಅಕ್ಷರದಿಂದ. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಪ್ಪ ಮಠದ ಶಾಲೆಯ ಮೇಷ್ಟ್ರು. “ಮೇಷ್ಟ್ರೆ, ನಿಮ್ಮ ಹಾಲಮ್ಮ ಅರ್ಜಿ ಬರೀಲಿ” ಎಂದರು, ಹಟ್ಟಿಯವರ ಪರ ನಿಂತ ಮಠದ ಸ್ವಾಮಿಗಳು. ತುರ್ತುಪರಿಸ್ಥಿತಿಯ ದಿನಗಳು, ಅಪ್ಪ ನಡುಗಿದರು. ಆದರೆ ಸ್ವಾಮಿಗಳಿಗೆ ಇಲ್ಲ ಎನ್ನುವುದಕ್ಕೂ ಅವರಿಗೆ ಅಷ್ಟೇ ಹೆದರಿಕೆ. ಅರ್ಜಿ ಬರೆದೆ. ಹೊಳಲ್ಕೆರೆ ಕಚೇರಿಯವರು ಅದು ಹಿರಿಯೂರಿನ ಗಡಿಗೆ ಬರುತ್ತದೆ ಎಂದರು. ಹಿರಿಯೂರಿನವರು ಆ ಕಡತ ನೋಡುವವರು ಹೊಸದುರ್ಗಕ್ಕೆ ವರ್ಗವಾಗಿದ್ದಾರೆ ಎಂದರು. ಹೊಸದುರ್ಗದಲ್ಲಿ ಅವರು ಊಟಕ್ಕೆ ಹೋಗಿದ್ದರು. ಮೂರು ಗಂಟೆ ಕಾದ ಮೇಲೆ ಬಂದು, “ಇದೆಲ್ಲ ದುರ್ಗದಾಗೆ ಅಲ್ವೇನಮ್ಮ?” ಎಂದರು.

ಕೊನೆಗೆ ಬುಧವಾರ ಸ್ವಾಮಿಗಳು, ಕಾಟಯ್ಯಜ್ಜ, ಕಡತ ಹಿಡಿದ ನಾನು, ದುರ್ಗದಲ್ಲಿ ನೆಡುತೋಪು ಯೋಜನೆಯ ಸಾಹೇಬರ ಎದುರು ನಿಂತೆವು. “ಕುಂತ್ಕಳ್ರಿ” ಎಂದರು ಸಾಹೇಬರು. ಕುರ್ಚಿಯ ಮೇಲೆ ಕೂರದಿರುವುದು ಕಾಟಯ್ಯಜ್ಜನ ಪೂಜಾರಿಕೆಯ ವ್ರತ. ಅವರು ನಿಂತರೆಂದು ಸ್ವಾಮಿಗಳೂ ಕೂರಲಿಲ್ಲ. ಸ್ವಾಮಿಗಳು ನಿಂತಿರುವಾಗ ಕೂತಿರಲಾರದೆ ಸಾಹೇಬರು ಎದ್ದರು, ಅವರನ್ನು ನೋಡಿ ಗುಮಾಸ್ತ ನಾಗರಾಜಪ್ಪನವರೂ ಎದ್ದರು. ರಾಷ್ಟ್ರಗೀತೆಗೆ ಎದ್ದವರಂತೆ ನಿಂತೇ ಇಡೀ ಮಾತುಕತೆ ನಡೆಯಿತು.

“ಆ ಗೋಡೆ ಮ್ಯಾಲೆ ಏನು ಬರೆಸೀರಿ, ಓದ್ರಿ ಸಾಹೇಬ್ರೆ” ಎಂದರು ಸ್ವಾಮಿಗಳು.

“‘ಮರವಿದ್ದರೆ ಮಳೆ’ ಅಂತ, ಬುದ್ಧಿ.”

“ಮಳೆ ಬರ್ಲಿ ಅಂತ ಇರೋ ಮರ ತೆಗೆದು ಸಸಿ ನೆಡ್ತೀರಿ. ಆ ಸಸಿ ಮರ ಆಗೋತನಕ ಮೋಡ ಎಲ್ಲಿ ಕಾಯ್ಕಂಡಿರಬೇಕು? ನಿಮ್ಮ ವರಾಂಡದಾಗಾ?”

“ಪಾಲಿಸಿ ಮೇಲಿಂದ ಬಂದಿದ್ದು, ಬುದ್ಧಿ.”

“ಮಳೇನೂ ಮೇಲಿಂದಾನೇ ಬರ್ಬೇಕು. ಇಬ್ರೂ ಕೂತು ಮಾತಾಡ್ಕಂಡಾರಾ?”

ನಾಗರಾಜಪ್ಪನವರು ಕೆಮ್ಮಿ ನಗು ನುಂಗಿದರು.

“ನೀಲಗಿರಿ ಎಲೆ ನಮ್ಮ ಎತ್ತು ಮೂಸೀನೂ ನೋಡಲ್ಲ, ಸಾಹೇಬ್ರೆ” ಎಂದರು ಕಾಟಯ್ಯಜ್ಜ. “ಅದರ ನೆಳ್ಳು ಒಂದು ಹಗ್ಗದಷ್ಟು ಅಗಲ. ಅದರಾಗೆ ಎತ್ತು ಮಲಗ್ಸಾಕಾಗತೈತಾ?”

ಸಾಹೇಬರು ರಿಜಿಸ್ಟರನ್ನು ನಮ್ಮ ಕಡೆ ತಿರುಗಿಸಿದರು. “ಇದರಲ್ಲಿ ಮರಾನೇ ಇಲ್ಲ. ಇಲ್ಲದ ಮರ ನಾನು ಹೆಂಗೆ ಕಡೀಲಿ? ಜಾಗ ಸ್ವಚ್ಛ ಮಾಡಿಸ್ತೀವಿ, ಅಷ್ಟೆ. ಶನಿವಾರದೊಳಗೆ ಎಷ್ಟು ಅಂತ ಬರೆದು ಕೊಡ್ರಿ, ನಿಲ್ಲಿಸ್ತೀನಿ. ಹೇಳ್ರಿ ಪೂಜಾರ್ರೆ, ಎಷ್ಟು ಅವೆ?”

“ಅವೆ.”

“ಅದೇ, ಎಷ್ಟು?”

“ಬೇಕಾದಷ್ಟು ಅವೆ.”

ಹೊರಗೆ ಬಂದ ಮೇಲೆ ಸ್ವಾಮಿಗಳಿಗೂ ತಡೆಯಲಾಗಲಿಲ್ಲ. “ಕಾಟಯ್ಯ, ನಾನು ಎಣಿಸ್ಲಾ? ನನ್ನ ದೇವರು ಬೇರೆ, ನನಗೇನೂ ಆಗಲ್ಲ.”

“ಮರ ನಮ್ಮ ದೇವ್ರದಲ್ವಾ ಬುದ್ಧಿ?”

“ಅವರು ಬರೆದಿದ್ದು ಬಿಡಲ್ಲ, ನೀನು ಹಿಡಿದಿದ್ದು ಬಿಡಲ್ಲ. ನಡುವೆ ನಾನು ಬಿಸಿಲಿಗೆ ಸಾಯ್ಬೇಕು!” ಎನ್ನುತ್ತಾ ಸ್ವಾಮಿಗಳು ಬಸ್ಸು ಹತ್ತಿದರು.

ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ನಾನು ಕಾವಲಿಗೆ ಹೋದೆ. ಯಾರಾದರೂ ಎಣಿಸಲೇಬೇಕು, ನಾನೇ ಎಣಿಸಿ, ಗುಟ್ಟಾಗಿ ಆ ಅಂಕಿ ಬರೆದುಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಹದಿನೇಳನೆಯ ಮರದ ಬುಡದಲ್ಲಿ ಕಾಟಯ್ಯಜ್ಜನ ಅಕ್ಕ ಕೆಂಚಕ್ಕ ಕೂತಿದ್ದರು.

“ತುಟಿ ಯಾಕೆ ಆಡಿಸ್ತಿ, ಮಗಳೆ?”

ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವಳಂತೆ ನಿಂತೆ. “ಸೋಮವಾರ ಕಡಿದುಹಾಕ್ತಾರೆ, ಅಜ್ಜಿ” ಎಂದೆ.

“ಗೊತ್ತು ಕಣೆ. ಎಷ್ಟಾಯ್ತು ಅಂತ ಮಾತ್ರ ಹೇಳಬ್ಯಾಡ. ಅಂಕಿ ಹೇಳಿದ್ರೆ ಯಾವ ಮರ ಅಂತ ಅವರಿಗೆ ಗೊತ್ತಾಗತೈತಾ? ಕೂತ್ಕ. ನಾನು ಹೇಳ್ತೀನಿ, ನೀನು ಬರಿ. ಹೆಸರು ಹಿಡಿದ್ರೆ ಎಣಿಸಿದಂಗಾಗಲ್ಲ, ಕರೆದಂಗಾಗತೈತೆ.”

ಕೈಯಲ್ಲಿದ್ದುದು ನನ್ನ ದಿನಚರಿ ಪುಸ್ತಕ ಒಂದೇ. ಯಾರಿಗೂ ತೋರಿಸದ ಪುಟಗಳನ್ನು ಮಗುಚಿ, ಖಾಲಿ ಪುಟ ತೆಗೆದೆ. ಕೆಂಚಕ್ಕ ಕೋಲೂರಿಕೊಂಡು ಮರದಿಂದ ಮರಕ್ಕೆ ನಡೆದರು. ಕುಂಟೆತ್ತು ಮೈ ಉಜ್ಜೋ ತುಗ್ಗಲಿ. ಸಿಡ್ಲು ಹೊಡೆದು ಬದುಕಿದ ಕಮರ. ಗಂಗಕ್ಕ ಗಂಡನ ಮ್ಯಾಲೆ ಮುನಿಸ್ಕಂಡು ಕುಂತ ಬೇವು. ಜೇನು ಬಿಟ್ಟು ಹೋದದ್ದು. ಜೇನು ತಿರುಗಿ ಬಂದದ್ದು. ಎತ್ತಪ್ಪ ಹತ್ತಿ ಬಿದ್ದು ಹಲ್ಲು ಮುರ್ಕಂಡದ್ದು. “ಇದಕ್ಕೆ ಏನೂ ಇಲ್ವಲ್ಲ ಅಜ್ಜಿ?” ಎಂದು ಒಂದು ಬಡಕಲು ಮರವನ್ನು ತೋರಿಸಿದರೆ, “ಐತೆ, ಬರಿ. ಯಾರ ತಂಟೆಗೂ ಹೋಗದ ಬೇವು” ಎಂದರು. ಸಂಜೆಗೆ ಬೆರಳು ಮಡಚಲು ಬರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅದನ್ನೆಲ್ಲ ಒಳ್ಳೆಯ ಹಾಳೆಗಳಿಗೆ ನಕಲು ಮಾಡಿಕೊಂಡು ಮತ್ತೆ ಮೂವರೂ ದುರ್ಗಕ್ಕೆ ಹೋದೆವು. ಸಾಹೇಬರು ಒಳಕೋಣೆಯಲ್ಲಿದ್ದರು. ನಾಗರಾಜಪ್ಪನವರು ಮೊದಲ ಹಾಳೆ ಓದಿ ಕನ್ನಡಕ ತೆಗೆದರು.

“ಏನಮ್ಮ ಇದು? ‘ಗಂಡನ ಮೇಲೆ ಮುನಿಸಿಕೊಂಡು ಕುಂತ ಬೇವು.’ ಇದೇನು ಸರಕಾರಿ ಕಾಗದಾನಾ?”

“ಮರಗಳ ಪಟ್ಟಿ, ಸಾರ್.”

“ಕ್ರಮಸಂಖ್ಯೆ ಎಲ್ಲಿ?”

“ಇಲ್ಲ.”

“ಒಟ್ಟು?”

“ಹಾಕಿಲ್ಲ.”

“ಹಾಕ್ರಿ ಮತ್ತೆ!” ಪೆನ್ನನ್ನು ನನ್ನತ್ತ ಚಾಚಿದರು.

ಪೆನ್ನಿನ ಕಡೆಗೆ ನನ್ನ ಕೈ ಏಳಲಿಲ್ಲ. “ನೀವೇ ಎಣಿಸಿಕೊಳ್ಳಿ ಸಾರ್” ಎಂದೆ. “ನಿಮಗೆ ಯಾರೂ ಬೇಡ ಅಂದಿಲ್ಲ.”

ಸ್ವಾಮಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಣಿಸ್ರಿ ನಾಗರಾಜಪ್ಪ. ಸರಕಾರಕ್ಕೆ ಯಾವ ದೇವರ ಕಟ್ಟಳೆ?”

ನಾಗರಾಜಪ್ಪನವರು ಗೊಣಗುತ್ತಾ ಪೆನ್ಸಿಲ್ ಹಿಡಿದು ಶುರುಮಾಡಿದರು. ಮೂರನೆಯ ಹಾಳೆಯಲ್ಲಿ ನಿಂತರು. “ಜೇನು ಯಾಕೆ ಬಿಟ್ಟುಹೋಯ್ತು?” ಎಂದು ಕೇಳಿ ಲೆಕ್ಕ ತಪ್ಪಿದರು. ಮತ್ತೆ ಮೊದಲಿಂದ. ಆರನೆಯ ಹಾಳೆಯಲ್ಲಿ ಯಾರೋ ಕಾಫಿ ತಂದರು, ಮತ್ತೆ ತಪ್ಪಿತು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು, ಐದಕ್ಕೆ ಕಚೇರಿಯ ಬಾಗಿಲು ಹಾಕುತ್ತಿದ್ದರು. ಮೂರನೆಯ ಸಲ ಕೊನೆಯ ಸಾಲಿನವರೆಗೂ ಬಂದರು. ಗೆದ್ದವರಂತೆ ತಲೆ ಎತ್ತಿ, “ಒಟ್ಟು...” ಎಂದರು.

“ಹೇಳಬೇಡಿ!”

ಅದು ನನ್ನ ದನಿ. ಮೂಲೆಯ ಟೈಪ್‌ರೈಟರ್ ನಿಂತಿತು. ಕಾಟಯ್ಯಜ್ಜ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ನಾಗರಾಜಪ್ಪನವರು ನಮ್ಮಿಬ್ಬರನ್ನೂ ನೋಡಿದರು, ಎಡಗೈಯನ್ನು ಅಡ್ಡ ಹಿಡಿದು, ಸೊನ್ನೆಯನ್ನು ಹೊಡೆದುಹಾಕಿ ಅದರ ಪಕ್ಕ ಏನನ್ನೋ ಬರೆದರು. ರಿಜಿಸ್ಟರ್ ಮುಚ್ಚಿ ಒಳಕೋಣೆಗೆ ಹೋದರು.

ಆದೇಶ ಐದಕ್ಕೆ ಐದು ನಿಮಿಷವಿರುವಾಗ ಸಿಕ್ಕಿತು. ಬಸ್‌ಸ್ಟ್ಯಾಂಡಿನಲ್ಲಿ ಓದಿ ಹೇಳಿದೆ. ಸೋಮವಾರದ ಕೆಲಸ ನಿಲ್ಲಿಸಿದ್ದಾರೆ, ಮರಗಳಿರುವ ಜಾಗ ಯೋಜನೆಯಿಂದ ಹೊರಗೆ. ಕೆಳಗೆ ಒಂದು ಷರತ್ತು: ಪ್ರತಿಯೊಂದು ಮರದ ಮೇಲೂ ಕಚೇರಿಯ ವತಿಯಿಂದ ಬಿಳಿ ಬಣ್ಣದಲ್ಲಿ ಕ್ರಮಸಂಖ್ಯೆ ಬರೆಯತಕ್ಕದ್ದು.

“ಶಿವಶಿವಾ!” ಎಂದು ಸ್ವಾಮಿಗಳು ಹಣೆ ಚಚ್ಚಿಕೊಂಡರು. ನನಗೆ ಆ ಕಾಗದವನ್ನು ಹರಿಯುವಷ್ಟು ಸಿಟ್ಟು ಬಂತು.

ಕಾಟಯ್ಯಜ್ಜ ಮಾತ್ರ ಯೋಚಿಸುತ್ತಿದ್ದರು. “ಅವ್ರೇ ಬರೀತಾರಾ? ಬರೀಲಿ. ಮರ ನಿಂತರೆ ಸಾಕು. ನಮಗೆ ಅಂಕಿ ಓದಾಕೆ ಬರಲ್ಲ. ಓದೋ ಹುಡುಗ್ರಿಗೆ, ಬಣ್ಣ ಹೋಗೋತನಕ ಆ ಕಡೆ ಹೋಗಬ್ಯಾಡ್ರಿ ಅಂತೀನಿ.” ನನ್ನ ಕಡೆ ತಿರುಗಿದರು. “ನಿಂಗೂ ಅದೇ ಮಾತು, ತಾಯಿ.”

“ನನಗೂನಾ ಅಜ್ಜ?”

“ನೀನು ಬಿ.ಎ. ಅಲ್ವಾ?”

ಒಂದೊಂದರ ಹೆಸರೂ ನನ್ನ ಪುಸ್ತಕದಲ್ಲಿದೆ. ಯಾರ ತಂಟೆಗೂ ಹೋಗದ ಬೇವನ್ನು ಇನ್ನೊಮ್ಮೆ ನೋಡಿಬರಬೇಕು ಎಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದೆ.

“ಬಣ್ಣ ಯಾವಾಗ ಹೋಗುತ್ತೆ?” ಎಂದೆ.

“ಒಳ್ಳೆ ಮಳೆ ಬಂದ್ರೆ ಎರಡು ವರ್ಷ” ಎಂದರು ಕಾಟಯ್ಯಜ್ಜ. “ಬರದಿದ್ರೆ, ಬುದ್ಧಿಯೋರನ್ನ ಕರ್ಕಂಡು ಇನ್ನೊಂದ್ಸಲ ಸಾಹೇಬ್ರನ್ನ ‘ಮರ ಅವೆ, ಮಳೆ ಎಲ್ಲಿ’ ಅಂತ ಕೇಳಾಕೆ ಹೋಗಾಣ.”