ಅಂಪೈರ್ ಸಹಿ ಇಲ್ಲದ ಚೆಂಡು

ಹದಿನೆಂಟು ವರ್ಷ ಹಳೆಯ ಟೆನಿಸ್ ಚೆಂಡೊಂದಕ್ಕೆ ಸಹಿ ಹಾಕಲು ವಿಲ್ಸನ್ ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಲ್ ಬರ್ಷಾದ ತನ್ನ ಕೋಣೆಯಿಂದ ಹೊರಟ. ಜೇಬಿನಲ್ಲಿ ಎರಡು ಪೆನ್ನು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಇಷ್ಟು ಮುಂಜಾಗ್ರತೆಯ ಮನುಷ್ಯ ಅವತ್ತೊಂದು ದಿನ ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದನೋ!

ಅವತ್ತು ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಹಿಂದಿನ ಬಯಲಿನಲ್ಲಿ ಕೊಲ್ಲಿ ನಾಡಿಗೆ ದುಡಿಯಲು ಬಂದ ಕರಾವಳಿಯವರ ಅಂಡರ್‌ಆರ್ಮ್ ಕ್ರಿಕೆಟ್ ಫೈನಲ್. ವಿಲ್ಸನ್ ಅಂಪೈರ್. ಕೊನೆಯ ಚೆಂಡಿಗೆ ಎರಡು ರನ್ ಬೇಕು. ಬ್ಯಾಟ್ ಹಿಡಿದವನು ಕುಂಞಾಲಿ, ಏಳು ವರ್ಷ ವಿಲ್ಸನ್‌ನ ಜೊತೆ ಒಂದೇ ರೂಮಿನಲ್ಲಿ ಗಂಜಿ ಬೇಯಿಸಿ ಉಂಡವನು. ಈ ಆಟದಲ್ಲಿ ಒಂದು ಸಲ ನೆಲಕ್ಕೆ ಬಡಿದು ಎದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟ್. ಎರಡನೆಯ ಕೈ ತಾಗಿದರೆ ಇಲ್ಲ. ಎದುರಾಳಿ ಫ್ಲಾಯ್ಡ್ ಹಿಡಿದ. ಒಂದು ಕೈಯೋ, ಎರಡೋ? ವಿಲ್ಸನ್ ಬೆರಳೆತ್ತಿಬಿಟ್ಟ.

ಬಯಲು ಹತ್ತಿ ಉರಿಯಿತು. ಕುಂಞಾಲಿ ಎಲ್ಲರೆದುರು ‘ಕಳ್ಳ’ ಎಂದ. ಎಷ್ಟೇ ಜಗಳವಾದರೂ ಫೈನಲ್ ಮುಗಿದ ಮೇಲೆ ಎರಡೂ ತಂಡದವರು ಚೆಂಡಿಗೆ ಸಹಿ ಹಾಕಬೇಕು, ಕೊನೆಗೆ ಅಂಪೈರ್ ಹಾಕಬೇಕು ಎಂಬುದು ಅವರ ರೂಢಿ. ಹದಿನಾಲ್ಕು ಮಂದಿ ಬೈದುಕೊಂಡೇ ಹಾಕಿದರು. ಅಂಪೈರ್ ಮಾತ್ರ ಅಷ್ಟರಲ್ಲಿ ಬಸ್ ಹತ್ತಿಯಾಗಿತ್ತು. ಆ ವಾರವೇ ಕುಂಞಾಲಿ ಪೆಟ್ಟಿಗೆ ಕಟ್ಟಿ ರೂಮು ಬಿಟ್ಟ. ಹೋಗುವಾಗ ಚೆಂಡನ್ನೂ ಒಯ್ದ.

ಆಮೇಲೆ ವಿಲ್ಸನ್‌ನನ್ನು ಯಾರೂ ಆಟಕ್ಕೆ ಕರೆಯಲಿಲ್ಲ. ಅವನೂ ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಸಿಲಿಕಾನ್ ಓಯಸಿಸ್‌ನ ಆಫೀಸೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಇಡೀ ದಿನ ಡಬ್ಬಗಳ ಜೊತೆ. ರಜೆಯ ದಿನ ಒಬ್ಬನಿಗಾಗಿ ಮೀನು ತರುವುದೂ ಬೇಸರ. ಮದುವೆಯೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ಅವನಿಗೆ ಬೇಕಾಗಿದ್ದುದು ಕುಂಞಾಲಿ ಒಬ್ಬನೇ. ಮತ್ತೊಂದು ನಿಜವನ್ನು ಅವನು ಯಾರಿಗೂ ಹೇಳಿರಲಿಲ್ಲ: ಅವತ್ತು ಆ ಕ್ಯಾಚ್ ಅವನಿಗೆ ಕಂಡೇ ಇರಲಿಲ್ಲ.

ಮೊನ್ನೆ ಕುಂಞಾಲಿಯ ಮಗ ನಿಝಾಮ್ ಫೋನ್ ಮಾಡಿದ್ದ. ಮುಂದಿನ ತಿಂಗಳು ಹಳೆಯ ಆಟಗಾರರೆಲ್ಲ ಸೇರುತ್ತಾರಂತೆ, ಚೆಂಡನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಅಂಪೈರ್ ಸಹಿಯೊಂದೇ ಬಾಕಿಯಂತೆ, ಅದಕ್ಕೆ ಶನಿವಾರ ಅಪ್ಪನ ಗ್ಯಾರೇಜಿಗೆ ಬರಬೇಕಂತೆ.

ಗ್ಯಾರೇಜಿನಲ್ಲಿ ಕುಂಞಾಲಿ ಕೈಯ ಗ್ರೀಸ್ ಒರೆಸಿಕೊಂಡು ಬಂದು ವಿಲ್ಸನ್‌ನನ್ನು ಅಪ್ಪಿಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಳಾಯಿತು.

“ನೋಡು ನಿಝಾಮ್, ಇವನೇ ವಿಲ್ಸನ್.”

“ಗೊತ್ತಿಲ್ವಾ ಉಪ್ಪ?” ನಿಝಾಮ್ ನಕ್ಕ. “ಅಂಕಲ್, ಸಣ್ಣದಿರುವಾಗ ನಾನು ಸುಳ್ಳು ಹೇಳಿ ಸಿಕ್ಕಿಬಿದ್ರೆ ಉಪ್ಪ ಹೇಳ್ತಿದ್ದದ್ದು ನಿಮ್ಮದೇ ಕತೆ. ಸತ್ಯಕ್ಕಾಗಿ ರೂಮಿನವನಿಗೇ ಔಟ್ ಕೊಟ್ಟ ಜನ ಅಂತ.”

ಕುಂಞಾಲಿ ತಲೆ ತಗ್ಗಿಸಿದ. “ಸಿಟ್ಟಲ್ಲಿ ಕಳ್ಳ ಅಂದೆ ಮಾರಾಯ. ಕಳ್ಳ ಆದ್ರೆ ನನ್ನನ್ನು ಉಳಿಸ್ತಿದ್ದಿ ಅಲ್ವಾ? ಅದು ತಲೆಗೆ ಹೋಗುವಾಗ ವರ್ಷ ಎರಡು ಆಯ್ತು. ಮತ್ತೆ ನಿನ್ನ ಮುಖ ನೋಡ್ಲಿಕ್ಕೆ ನಾಚಿಕೆ.” ಚೆಂಡನ್ನು ಮುಂದಿಟ್ಟ. “ಸೈನ್ ಹಾಕು. ಇವತ್ತು ಊಟ ಮನೆಯಲ್ಲಿ. ಇವನ ಉಮ್ಮ ಆಸ್ಯಮ್ಮ ತುಪ್ಪದ ಅನ್ನ, ನಮ್ಮ ನೆಯ್ಚೋರು, ಮಾಡ್ತಾ ಇದ್ದಾಳೆ. ಇನ್ನು ವಾರ ವಾರ ಬರ್ಬೇಕು ನೀನು.”

ಚೆಂಡಿನ ರೋಮ ಉದುರಿತ್ತು. ಸಹಿಗಳು ಮಸುಕಾಗಿದ್ದವು. ವಿಲ್ಸನ್ ಪೆನ್ನು ತೆಗೆದ. ಹಾಕಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ವಾರ ವಾರ ಊಟ, ಹರಟೆ, ಹೆಸರು ಹಿಡಿದು ಕರೆಯುವ ಒಂದು ಮನೆ. ಆದರೆ ತನ್ನನ್ನಲ್ಲ, ಇನ್ಯಾರನ್ನೋ ಕುಂಞಾಲಿ ಊಟಕ್ಕೆ ಕರೆಯುತ್ತಿದ್ದಾನೆ ಎಂದು ಅವನಿಗೆ ಅನಿಸಿತು.

“ನನಗೆ ಕಾಣ್ಲಿಲ್ಲ ಕುಂಞಾಲಿ.”

“ಎಂತ ಕಾಣ್ಲಿಲ್ಲ?”

“ಕ್ಯಾಚ್. ಗಾಳಿಗೆ ಕಣ್ಣಿಗೆ ಮರಳು ಬಿದ್ದಿತ್ತು. ನಾಟ್ ಔಟ್ ಅಂದ್ರೆ ರೂಮಿನವನಿಗೆ ಸಹಾಯ ಮಾಡಿದ ಅಂತ ಜನ ಹೇಳ್ತಾರೆ ಅಂತ ಹೆದರಿಕೆ ಆಯ್ತು. ಕೈ ಎತ್ತಿದೆ.”

ನಿಝಾಮ್ ಮೊಬೈಲ್ ನೋಡತೊಡಗಿದ. ಕುಂಞಾಲಿ ಬೈದಿದ್ದರೆ ಒಳ್ಳೆಯದಿತ್ತು. ಅವನು ಬೈಯಲಿಲ್ಲ.

“ಕಾಣ್ಲಿಲ್ಲ ಅಂತ ಹೇಳಿದ್ರೆ ಇನ್ನೊಂದು ಬಾಲ್ ಹಾಕಿಸ್ತಿದ್ರು,” ಎಂದ ನಿಧಾನವಾಗಿ. “ಅಷ್ಟೇ ಅಲ್ವಾ ವಿಲ್ಸಾ? ಒಂದು ಬಾಲ್.”

ಕುಂಞಾಲಿ ಮೇಜಿನ ಮೇಲಿದ್ದ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮಗನ ಕಡೆ ತಿರುಗಿದ.

“ನಿಝಾಮ್, ಉಮ್ಮನಿಗೆ ಫೋನ್ ಮಾಡು. ಊಟಕ್ಕೆ ನಾವಿಬ್ಬರೇ ಅಂತ ಹೇಳು.”